ಅಕ್ಕನ ಸೊಂಟದ ಅಪ್‌ಡೇಟ್

ಚಳಿ ಇನ್ನೂ ಪೂರ್ತಿ ಬಿಟ್ಟಿರಲಿಲ್ಲ. ಕೆಳಗಿನ ಬೇಕರಿಯ ಮೊದಲ ಬ್ರೆಡ್ಡಿನ ವಾಸನೆ ಮೆಟ್ಟಿಲು ಹತ್ತಿಕೊಂಡು ನಮ್ಮ ಮಹಡಿಗೆ ಬರುವ ಹೊತ್ತು. ಆ ಹೊತ್ತಿಗೆ ಸರಿಯಾಗಿ ನನ್ನ ಹೆಂಡತಿ ಹಾಸಿಗೆಯಲ್ಲಿ ಎದ್ದು ಕೂತು, ಕನ್ನಡಕ ಏರಿಸಿ, ತನ್ನ ಕುರಿಗೆ ಮೇವು ಹಾಕುವುದು ವಾಡಿಕೆ. ಅವತ್ತು ಕುರಿ ಬರಲಿಲ್ಲ.

ಕುರಿ ಅಂದರೆ ನಿಜವಾದ ಕುರಿ ಅಲ್ಲ. ನಾವಿರುವುದು ಮೊದಲ ಮಹಡಿಯ ಎರಡು ಕೋಣೆಯಲ್ಲಿ. ನಮಗೇ ಕಾಲು ಚಾಚಲು ಜಾಗ ಸಾಲದು. ಈ ಕುರಿ ಇದ್ದದ್ದು ಮೊಮ್ಮಗಳು ಬಿಟ್ಟುಹೋಗಿದ್ದ ಗೇಮ್ ಡಬ್ಬಿಯೊಳಗೆ. ಎರಡು ಕೈಯಲ್ಲೂ ಹಿಡಿದುಕೊಂಡು ಹೆಬ್ಬೆರಳಲ್ಲಿ ಆಡುವ ಡಬ್ಬಿ ಅದು. ಅದರಲ್ಲಿ ಒಂದು ಹೊಲ, ಹೊಲಕ್ಕೊಂದು ಬೇಲಿ, ಬೇಲಿಯೊಳಗೆ ಒಂದು ಬೆಳ್ಳನೆ ಕುರಿ. ಎಷ್ಟು ಕರೆದರೂ ತಿರುಗಿ ನೋಡುತ್ತಿರಲಿಲ್ಲವಾದ್ದರಿಂದ ಇವಳು ಅದಕ್ಕೆ ಕಿವುಡಿ ಅಂತ ಹೆಸರಿಟ್ಟಿದ್ದಳು.

ಇದು ಹೇಗೆ ಬಂತು ಅಂತ ಹೇಳಿಬಿಡುತ್ತೇನೆ. ಮಳೆಗಾಲದ ಕೊನೆಯಲ್ಲಿ ಇವಳು ನಮ್ಮ ಬಾಗಿಲ ಮುಂದಿನ ಮೆಟ್ಟಿಲ ಕಟ್ಟೆಯ ಮೇಲೆ ಜಾರಿಬಿದ್ದು ಸೊಂಟದ ಮೂಳೆ ಮುರಿದುಕೊಂಡಳು. ಆಸ್ಪತ್ರೆಯಲ್ಲಿ ಒಳಗೆ ಲೋಹ ಹಾಕಿ ಕೂಡಿಸಿದರು. ತಲೆಯ ಕಡೆ ಎತ್ತಿ ಇಳಿಸಬಹುದಾದ ಒಂದು ಕಬ್ಬಿಣದ ಮಂಚ ಬಾಡಿಗೆಗೆ ಬಂತು, ನಾಲ್ಕು ಕಾಲಿನ ವಾಕರ್ ಬಂತು. ಬರದೇ ಇದ್ದದ್ದು ಇವಳ ಧೈರ್ಯ ಒಂದೇ. "ಮೂಳೆ ಚೆನ್ನಾಗಿ ಕೂಡಿದೆ, ಇನ್ನು ನಡೀಲೇಬೇಕು" ಅಂದರು ಡಾಕ್ಟರು. "ಅವರದ್ದೇನು ಹೋಗತ್ತೆ" ಅಂದಳು ಇವಳು, ಗೋಡೆ ಕಡೆ ತಿರುಗಿದಳು.

ಮೊಮ್ಮಗಳು ದೂರ ಹೋಗುವ ರೈಲಿನ ಅಡುಗೆ ಡಬ್ಬಿಯಲ್ಲಿ ಕೆಲಸ ಮಾಡುವವಳು. ರಜೆ ಮುಗಿಸಿ ಹೊರಡುವ ಮುಂಚೆ ಈ ಗೇಮ್ ಡಬ್ಬಿಯನ್ನು ಅಜ್ಜಿಯ ಕೈಗಿಟ್ಟು, "ಅಜ್ಜೀ, ನೀನು ಮೇವು ಹಾಕು. ಅದು ಮೇಯೋಷ್ಟರಲ್ಲಿ ನೀನು ಕಿಟಕಿವರೆಗೂ ನಡೆದು ಬಾ. ನೀನು ನಡೀದಿದ್ರೆ ಕುರಿಗೆ ಮೇವು ಅರಗಲ್ಲ, ನೋಡು ಮತ್ತೆ" ಅಂದಳು. ಇವಳು ಅದನ್ನು ನಂಬಿದಳೋ, ನಂಬಿದ ಹಾಗೆ ಮಾಡಿದಳೋ, ನಾನು ಕೇಳಲಿಲ್ಲ. ಕೇಳಿದರೆ ನಿಲ್ಲಿಸಿಬಿಟ್ಟಾಳು ಅಂತ ಭಯ. ಡಾಕ್ಟರು ಹೇಳಿದ್ದಕ್ಕೆ ಏಳದವಳು ಕುರಿಗಾಗಿ ಎದ್ದಳು. ಬೆಳಿಗ್ಗೆ ಒಂದು ಸುತ್ತು, ಸಂಜೆ ಒಂದು ಸುತ್ತು, ಮಂಚದಿಂದ ಕಿಟಕಿ, ಕಿಟಕಿಯಿಂದ ಮಂಚ. ಬಾಗಿಲ ಕಡೆ ಮಾತ್ರ ಕಣ್ಣೆತ್ತಿಯೂ ನೋಡುತ್ತಿರಲಿಲ್ಲ. ಆ ಕುರಿಗೆ ನಾನು ಋಣಿ. ಮನುಷ್ಯರಿಗೇ ಋಣಿಯಾಗಿರಬೇಕು ಅಂತ ಎಲ್ಲೂ ಇಲ್ಲವಲ್ಲ.

ಅಂಥ ಕುರಿ ಅವತ್ತು ಬರಲಿಲ್ಲ.

"ರೀ, ಇಲ್ಲೇನೋ ಬರೆದಿದೆ ನೋಡಿ. ನನ್ನ ಕಿವುಡಿ ಎಲ್ಲಿ?"

ನಾನು ದರ್ಜಿ ಅಂಗಡಿಯಲ್ಲಿ ಆಯುಷ್ಯವಿಡೀ ಕಾಜಾ ಹಾಕಿದವನು. ಓದು ಅಂದರೆ ಅಳತೆಪಟ್ಟಿಯ ಅಂಕಿ, ಬಸ್ಸಿನ ಬೋರ್ಡು, ಅಷ್ಟೇ. ಡಬ್ಬಿಯನ್ನು ಹತ್ತಿರ ಹಿಡಿದೆ, ದೂರ ಹಿಡಿದೆ. ಎರಡೂ ಒಂದೇ ಆಗಿತ್ತು.

ಅಷ್ಟರಲ್ಲಿ ಬಚ್ಚಲಿನಿಂದ ಒಂದು ದನಿ ಬಂತು. "ಗೊತ್ತು! ಗೊತ್ತು! ಅದು ಅಪ್‌ಡೇಟ್ ಕೇಳ್ತಿದೆ!" ಹಿಂದೆಯೇ, ಅರ್ಧ ಕೆನ್ನೆ ಬೋಳಿಸಿ ಅರ್ಧ ಕೆನ್ನೆಗೆ ಸೋಪಿನ ನೊರೆ ಮೆತ್ತಿಕೊಂಡು ನನ್ನ ಭಾವಮೈದುನ ಹೊರಗೆ ಬಂದ.

ಈತನಿಗೆ ಇಡೀ ಬಳಗದಲ್ಲಿ ಗೊತ್ತಪ್ಪ ಅಂತ ಹೆಸರು. ಏನು ಕೇಳಿದರೂ ಗೊತ್ತು ಅನ್ನುತ್ತಾನೆ. ಹುಟ್ಟಿದಾಗ ಅತ್ತನೋ ಇಲ್ಲವೋ ತಿಳಿಯದು, ಗೊತ್ತು ಅಂತ ಅಂದಿರಬೇಕು. ನೀರು ಸರಬರಾಜಿನಲ್ಲಿ ಬೀದಿ ಬೀದಿಯ ವಾಲ್ವ್ ತಿರುಗಿಸಿ ನೀರು ಬಿಡುವ ಕೆಲಸ ಮಾಡಿ ನಿವೃತ್ತಿಯಾದವನು. ತುದಿಗೆ ಅಡ್ಡ ಹಿಡಿ ಇರುವ, ಸೊಂಟದುದ್ದದ ಒಂದು ಕಬ್ಬಿಣದ ಕೀಲಿ ಅವನದು. ನಿವೃತ್ತಿಯ ದಿನ ಅದನ್ನು ಕೇಳಿ ಇಸಿದುಕೊಂಡು ಬಂದಿದ್ದ. ಅಕ್ಕ ಬಿದ್ದ ಸುದ್ದಿ ತಿಳಿದ ಕೂಡಲೇ ಒಂದು ಕೈಯಲ್ಲಿ ಬ್ಯಾಗು, ಇನ್ನೊಂದರಲ್ಲಿ ಆ ಕೀಲಿ ಹಿಡಿದು ಬಸ್ಸಿಳಿದಿದ್ದ. "ಅಕ್ಕ ಎದ್ದು ಓಡಾಡೋವರೆಗೂ ನಾನು ಇಲ್ಲಿಂದ ಕದಲಲ್ಲ ಭಾವ" ಅಂದಿದ್ದ. ಒಳ್ಳೆಯ ಮನಸ್ಸು. ಗೊರಕೆಯೂ ಜೋರು. ಇವಳು ಬೇಗ ನಡೆಯಲಿ ಅಂತ ನಾನು ಬೇಡಿಕೊಳ್ಳಲು ಒಂದಕ್ಕಿಂತ ಹೆಚ್ಚು ಕಾರಣವಿತ್ತು.

"ಮೊಮ್ಮಗಳನ್ನ ಒಂದು ಮಾತು ಕೇಳೋಣ್ವೇನಪ್ಪಾ?" ಅಂದೆ.

"ಇಷ್ಟಕ್ಕೆಲ್ಲ ಆ ಹುಡುಗಿಗೆ ತೊಂದರೆ ಕೊಡೋದಾ? ಊರಿಗೇ ನೀರು ಕುಡಿಸಿದವನು ಭಾವ ನಾನು. ಇದೂ ಪೈಪಲ್ಲೇ ಬರೋದು. ನೀರು ಕಣ್ಣಿಗೆ ಕಾಣತ್ತೆ, ಇದು ಕಾಣಲ್ಲ, ಅಷ್ಟೇ ವ್ಯತ್ಯಾಸ."

ಡಬ್ಬಿ ತೆಗೆದುಕೊಂಡು ಹಜಾರಕ್ಕೆ ಹೋದ. ನಾನು ಹಿಂದೆ ಹೋದೆ. ಒತ್ತಬೇಕಾದ್ದನ್ನು ಒತ್ತಿದ. ಪರದೆಯ ಮೇಲೆ ಒಂದು ಪಟ್ಟಿ ಮೂಡಿತು. ಅದರ ಎಡಗಡೆಯಿಂದ ಸ್ವಲ್ಪ ಸ್ವಲ್ಪವೇ ನೀಲಿ ತುಂಬತೊಡಗಿತು. ಸರಿಯಾಗೇ ನಡೆಯುತ್ತಿದೆ ಅಂದುಕೊಂಡೆ. ಅಷ್ಟರಲ್ಲಿ ಪಟಕ್ಕನೆ ನಿಲ್ಲಿಸಿಬಿಟ್ಟ.

"ಯಾಕಪ್ಪಾ?"

"ಮೊದಲು ಬರೋದು ಕೆಸರು ಭಾವ. ಅದನ್ನ ಹರಿಯೋಕೆ ಬಿಟ್ಟುಬಿಡಬೇಕು. ಆಮೇಲೆ ಬರತ್ತಲ್ಲ, ಅದು ತಿಳಿ."

ಮತ್ತೆ ಒತ್ತಿದ. ಈ ಸಲ ಪಟ್ಟಿ ಬರಲಿಲ್ಲ, ಬೇರೇನೋ ಬರಹ ಬಂತು. ಗೊತ್ತಪ್ಪ ಒಂದೊಂದೇ ಅಕ್ಷರ ಕೂಡಿಸಿ ಓದಿ, ತೊಡೆ ತಟ್ಟಿದ. "ನೋಡಿದ್ರಾ? ಒಳಗೆ ಜಾಗ ಇಲ್ಲ ಅಂತಿದೆ. ಟ್ಯಾಂಕ್ ತುಂಬಿ ತುಳುಕ್ತಿದೆ. ತುಂಬಿರೋ ಟ್ಯಾಂಕಿಗೆ ಹೊಸ ನೀರು ಹೇಗೆ ಬರತ್ತೆ? ಮೊದಲು ಖಾಲಿ ಮಾಡ್ಬೇಕು." ಡಬ್ಬಿಯೊಳಗೆ ಮೊಮ್ಮಗಳ ಆಟಗಳು ಸಣ್ಣ ಸಣ್ಣ ಚಿತ್ರವಾಗಿ ಸಾಲಾಗಿ ಕೂತಿದ್ದವು. ಎಲ್ಲಕ್ಕಿಂತ ಹೆಚ್ಚು ಜಾಗ ಹಿಡಿದದ್ದು ಯಾವುದು ಅಂತ ಹುಡುಕಿ, ಅದರ ಮೇಲೆ ಬೆರಳಿಟ್ಟ. ಯಂತ್ರ ಏನೋ ಕೇಳಿತು. ಅದಕ್ಕೂ ಗೊತ್ತು ಅಂತ ಬಾಯಲ್ಲಿ ಹೇಳಿ ಹೂಂ ಒತ್ತಿದ. ಚಿತ್ರ ಕಾಣೆಯಾಯಿತು.

ನಾನು ಮೆಲ್ಲಗೆ ಕೇಳಿದೆ, "ಆ ಚಿತ್ರದಲ್ಲಿ ಬೆಳ್ಳಗೆ ಏನೋ ಇತ್ತಲ್ಲಪ್ಪಾ?"

"ಮೋಡ ಭಾವ."

"ಮೋಡಕ್ಕೆ ಕಾಲಿತ್ತು."

ಗೊತ್ತಪ್ಪನ ಕೆನ್ನೆಯ ಮೇಲೆ ನೊರೆ ಒಣಗುತ್ತಿತ್ತು. ಅವನು ಡಬ್ಬಿಯನ್ನು ನೋಡಿದ. ನಾನು ಅವನನ್ನು ನೋಡಿದೆ. ಒಳಗಿನಿಂದ ಇವಳು, "ಬಂತೇನ್ರೋ ನನ್ನ ಕಿವುಡಿ?" ಅಂದಳು.

ಆಗ ಮೊಮ್ಮಗಳಿಗೆ ಫೋನು ಮಾಡಿದೆವು. ರೈಲಿನ ಗಡಗಡ, ಪಾತ್ರೆಯ ಝಣಝಣ, ಅದರ ನಡುವೆ ಅವಳ ದನಿ.

"ಏನು, ಆಟಾನೇ ಡಿಲೀಟ್ ಮಾಡಿದ್ರಾ? ಅಯ್ಯೋ ಚಿಕ್ಕತಾತ! ಸರಿ ಸರಿ, ಗಾಬರಿ ಬೇಡ. ಮತ್ತೆ ಡೌನ್‌ಲೋಡ್ ಒತ್ತಿ. ತುಂಬಾ ದೊಡ್ಡದು, ನಿಧಾನಕ್ಕೆ ಬರತ್ತೆ, ಮಧ್ಯೆ ಮುಟ್ಟಬೇಡಿ. ಇನ್ನು ಕುರಿ ಇದೆಯಲ್ಲ, ಕುರಿ—"

ರೈಲು ಸುರಂಗ ಹೊಕ್ಕಿತು, ದನಿ ಕಡಿದುಹೋಯಿತು.

"ಕುರಿ ಇರತ್ತೆ ಅಂತ ಹೇಳೋಕೆ ಹೊರಟಿದ್ದಳು" ಅಂದ ಗೊತ್ತಪ್ಪ.

"ಕುರಿ ಹೋಯ್ತು ಅಂತ್ಲೂ ಇರಬಹುದು."

"ಇಲ್ಲ ಭಾವ, ಗೊತ್ತು ನಂಗೆ" ಅಂದ. ದನಿಯಲ್ಲಿ ಮಾತ್ರ ಗೊತ್ತಿರಲಿಲ್ಲ.

ಒಳಗೆ ಹೋಗಿ ಅಕ್ಕನ ಮುಂದೆ ಕೈಕಟ್ಟಿ ನಿಂತು, "ಅಕ್ಕಾ, ಕಿವುಡಿಗೆ ಹೊಸ ದೊಡ್ಡಿ ಕಟ್ತಿದಾರೆ. ಸ್ವಲ್ಪ ಹೊತ್ತು ಹಿಡಿಯತ್ತೆ. ಅಷ್ಟರಲ್ಲಿ ನೀನು ಕಿಟಕಿವರೆಗೂ ಒಂದು ಸುತ್ತು..." ಅಂದ.

"ಅದು ಎಲ್ಲಿದೆ ಈಗ?"

"ಸುರಕ್ಷಿತವಾಗಿದೆ."

ಅವಳು ತಮ್ಮನ ಮುಖವನ್ನು ಚೆನ್ನಾಗಿ ನೋಡಿದಳು. ಚಿಕ್ಕಂದಿನಲ್ಲಿ ಹಾಲು ಚೆಲ್ಲಿ ಮುಚ್ಚಿಡುತ್ತಿದ್ದ ದಿನಗಳಿಂದಲೂ ಆ ಮುಖ ಅವಳಿಗೆ ಗೊತ್ತು. "ಅದು ಮೇಯಲಿ, ಆಮೇಲೆ ನೋಡೋಣ" ಅಂದವಳೇ ಹೊದಿಕೆ ಎಳೆದುಕೊಂಡು ಗೋಡೆ ಕಡೆ ತಿರುಗಿದಳು. ಮಳೆಗಾಲದ ಕೊನೆಯಲ್ಲಿ ತಿರುಗಿದ್ದಳಲ್ಲ, ಅದೇ ಗೋಡೆ, ಹಾಗೇ.

ಆ ಬೆನ್ನನ್ನು ಮತ್ತೆ ಈಚೆ ತಿರುಗಿಸಲು ಎಷ್ಟು ದಿನ ಹಿಡಿದಿತ್ತು ಅಂತ ನನಗೆ ಗೊತ್ತಿತ್ತು. ಗೊತ್ತಪ್ಪನಿಗೂ ಗೊತ್ತಿತ್ತು, ನಿಜವಾಗಿಯೂ ಗೊತ್ತಿದ್ದ ಕೆಲವೇ ಸಂಗತಿಗಳಲ್ಲಿ ಅದೊಂದು.

ಡೌನ್‌ಲೋಡ್ ಒತ್ತಿದೆವು. ನೀಲಿ ಪಟ್ಟಿ ಬಂತು. ಆದರೆ ನೀಲಿ ಹೆಜ್ಜೆ ಇಡಲೊಲ್ಲದು. ದಪ್ಪ ಕೋಟಿಗೆ ಕಾಜಾ ಹಾಕುವಾಗ ನನ್ನ ಕೈ ಇದಕ್ಕಿಂತ ಬೇಗ ಓಡುತ್ತಿತ್ತು.

"ಪ್ರೆಷರ್ ಇಲ್ಲ ಭಾವ. ನಾವು ಮೇಲಿದ್ದೀವಿ. ಮೇಲಿನ ಮನೆಗೆ ಯಾವತ್ತೂ ಪ್ರೆಷರ್ ಇರಲ್ಲ. ಕೆಳಗೆ ಹೋಗ್ಬೇಕು."

ನಮ್ಮ ಕಟ್ಟಡಕ್ಕೆಲ್ಲ ನೆಟ್ಟು ಬರುವುದು ಒಂದೇ ಪೆಟ್ಟಿಗೆಯಿಂದ. ಆ ಪೆಟ್ಟಿಗೆ ಕೆಳಗೆ ಬೇಕರಿಯ ಗೋಡೆಯಲ್ಲಿದೆ. ಕಟ್ಟಡದ ಮಾಲೀಕನೂ ಬೇಕರಿಯವನೇ. ತನ್ನ ನೆಟ್ಟನ್ನು ಎಲ್ಲರಿಗೂ ಹಂಚಿಕೊಟ್ಟಿದ್ದ, ಪುಣ್ಯಾತ್ಮ. ಗೊತ್ತಪ್ಪ ಡಬ್ಬಿ, ಚಾರ್ಜರ್ ಎರಡನ್ನೂ ಒಯ್ದು, ಪೆಟ್ಟಿಗೆಯ ಕೆಳಗಿದ್ದ ಮೈದಾ ಮೂಟೆಯ ಮೇಲೆ ಮಲಗಿಸಿದ. ನೀಲಿ ಒಂದಿಷ್ಟು ಮುಂದೆ ಹೋಯಿತು. "ಕಂಡ್ರಾ?" ಅಂದ. ಅಷ್ಟಕ್ಕೇ ನಿಂತಿತು.

"ಬೇರೆ ಮನೆಯವರು ನಲ್ಲಿ ತೆರೆದಿಟ್ಟಿದಾರೆ" ಅಂದ ಗೊತ್ತಪ್ಪ. "ಎಲ್ಲರೂ ಮುಚ್ಚಿದ್ರೆ ಪೂರ್ತಿ ನಮಗೇ ಬರತ್ತೆ." ಮೇಲೆ ಹತ್ತಿಹೋಗಿ ಮಂಚದ ಕೆಳಗಿನಿಂದ ಆ ಉದ್ದನೆ ಕಬ್ಬಿಣದ ಕೀಲಿ ಎಳೆದ.

"ಅದ್ಯಾಕಪ್ಪಾ?"

"ಬರಿಗೈಲಿ ಹೋಗಿ ಮುಚ್ಚಿ ಅಂದ್ರೆ ಯಾರು ಮುಚ್ತಾರೆ ಭಾವ?"

ಮೊದಲು ಹೋದದ್ದು ಮೇಲಿನ ಮಹಡಿಯ ಟೀಚರಮ್ಮನ ಮನೆಗೆ. ಅವರು ನಿವೃತ್ತಿಯಾದ ಮೇಲೂ ಕಂಪ್ಯೂಟರಿನಲ್ಲಿ ಮಕ್ಕಳಿಗೆ ಲೆಕ್ಕ ಹೇಳಿಕೊಡುತ್ತಾರೆ. ಬಾಗಿಲು ತೆಗೆದರು. ಅರ್ಧ ಮುಖಕ್ಕೆ ನೊರೆ ಒಣಗಿದ, ಕೈಯಲ್ಲಿ ಕಬ್ಬಿಣ ಹಿಡಿದ ಮನುಷ್ಯ ನಿಂತಿದ್ದಾನೆ. ಬಾಗಿಲು ಮುಚ್ಚಿದರು. ಅವನ ಹಿಂದೆ ನಾನು ಕಂಡದ್ದರಿಂದ ಮತ್ತೆ ತೆಗೆದರು.

"ಟೀಚರಮ್ಮಾ, ನಿಮ್ಮ ನೆಟ್ ಸ್ವಲ್ಪ ಮುಚ್ಚಬೇಕು. ಅಕ್ಕಂದು ಅಪ್‌ಡೇಟ್ ನಡೀತಿದೆ. ಮಧ್ಯೆ ನಿಂತುಹೋದ್ರೆ ಅಕ್ಕ ಇನ್ನು ಹೆಜ್ಜೆ ಎತ್ತಲ್ಲ."

ಹೇಳಿದ್ದರಲ್ಲಿ ಒಂದಕ್ಷರ ಸುಳ್ಳಿರಲಿಲ್ಲ. ಟೀಚರಮ್ಮನ ಕೈ ಎದೆಗೆ ಹೋಯಿತು. "ಅಯ್ಯೋ ದೇವರೇ! ಆಪರೇಷನ್ನಲ್ಲಿ ಒಳಗೆ ಹಾಕಿದಾರಲ್ಲ, ಆ ಸೊಂಟಕ್ಕಾ? ಈಗ ಅದಕ್ಕೂ ಅಪ್‌ಡೇಟ್ ಬರತ್ತಾ?"

ಇಲ್ಲ ಅನ್ನಲು ನಾನು ಬಾಯಿ ತೆರೆದೆ. ನಾನು ಮಾತಿಗೆ ಬಾಯಿ ತೆರೆದು ಮುಗಿಸುವುದರೊಳಗೆ ಬೇರೆಯವರು ಎರಡು ಮಾತು ಆಡಿರುತ್ತಾರೆ, ಮೊದಲಿಂದಲೂ ಹಾಗೇ. ಗೊತ್ತಪ್ಪ ಆಗಲೇ ತಲೆಯಾಡಿಸಿದ್ದ. "ಗೊತ್ತು, ಗೊತ್ತು" ಅಂದ. ಪಾಪ, ಅವನ ಮನಸ್ಸೆಲ್ಲ ಮೈದಾ ಮೂಟೆಯ ಮೇಲಿತ್ತು. ಏನು ಕೇಳಿದರು ಅಂತ ಕೇಳಿಸಿಕೊಂಡಿರಲೇ ಇಲ್ಲ.

ಟೀಚರಮ್ಮ ಕಂಪ್ಯೂಟರಿನ ಕಡೆ ತಿರುಗಿ, "ಮಕ್ಕಳೇ, ಇವತ್ತು ಪಾಠ ಇಲ್ಲ. ಕೆಳಗಿನ ಮನೆ ಅಜ್ಜಿ ಸೊಂಟಕ್ಕೆ ಎಲ್ಲರೂ ಒಳ್ಳೇದಾಗಲಿ ಅನ್ನಿ" ಅಂದರು. ಕಂಪ್ಯೂಟರಿನೊಳಗಿಂದ ಒಂದು ಗುಂಪು ಖುಷಿಯಿಂದ ಒಳ್ಳೇದಾಗಲಿ ಅಂತ ಕೂಗಿತು. ಆ ಮಕ್ಕಳು ಯಾರೋ ಎಲ್ಲಿಯವರೋ, ಅವರಿಗೂ ನನ್ನ ನಮಸ್ಕಾರ.

ನಮ್ಮ ಎದುರು ಬಾಗಿಲಿನ ವಿಮೆಯವರು ಅಂಗಿ, ಟೈ, ಕೆಳಗೆ ಲುಂಗಿಯಲ್ಲಿ ಫೋನಿನೊಳಗಿನ ಮೇಲಧಿಕಾರಿಯ ಜೊತೆ ಮೀಟಿಂಗಿನಲ್ಲಿದ್ದರು. ಈ ಹೊತ್ತಿಗೆ ಟೀಚರಮ್ಮನೇ ಮುಂದೆ ನಿಂತು ವಿವರಿಸುತ್ತಿದ್ದರು. "ಸೊಂಟದೊಳಗಿನ ಯಂತ್ರಕ್ಕೆ ಅಪ್‌ಡೇಟ್. ಅರ್ಧಕ್ಕೆ ನಿಂತಿದೆ. ನಿಮ್ಮ ಮೀಟಿಂಗ್ ದೊಡ್ಡದೋ, ಒಬ್ಬರ ಕಾಲು ದೊಡ್ಡದೋ?"

ವಿಮೆಯವರು ಮೀಟಿಂಗ್ ಕತ್ತರಿಸಿದರು. ಆಮೇಲೆ ನನ್ನನ್ನು ಪಕ್ಕಕ್ಕೆ ಕರೆದು ತುಂಬ ನೊಂದ ದನಿಯಲ್ಲಿ, "ಯಜಮಾನ್ರೇ, ಒಂದು ಮಾತು ಮೊದಲೇ ಹೇಳಿಬಿಡ್ತೀನಿ. ಪಾಲಿಸಿಯಲ್ಲಿ ಸೊಂಟ ಇದೆ. ಸಾಫ್ಟ್‌ವೇರ್ ಇಲ್ಲ" ಅಂದರು.

"ಇಲ್ಲ ಸ್ವಾಮಿ, ಅದು ಸೊಂಟ ಅಲ್ಲ, ಕುರಿ—" ಅಂದೆ. ಅವರು ನನ್ನ ಭುಜ ಒತ್ತಿದರು. "ದುಃಖದಲ್ಲಿ ಹಾಗೇ ಆಗತ್ತೆ, ಸಮಾಧಾನ ಮಾಡ್ಕೊಳಿ."

ಸುದ್ದಿ ಬೇಕರಿಗೆ ನಮಗಿಂತ ಮುಂಚೆ ಇಳಿದಿತ್ತು. ಬೇಕರಿಯವನು ಒಲೆ ಮುಂದೆ ಕೂತು ತಲೆ ಚಚ್ಚಿಕೊಳ್ಳುತ್ತಿದ್ದ. "ಯಜಮಾನ್ರೇ, ನಂಗ್ಯಾಕೆ ಮೊದಲೇ ಹೇಳಲಿಲ್ಲ? ಅಂಗಡಿ ಮುಚ್ಚೋವಾಗ ಕರೆಂಟ್ ಉಳಿಯತ್ತೆ ಅಂತ ದಿನಾ ಆ ಪೆಟ್ಟಿಗೆ ಆರಿಸ್ತಿದ್ದೆನಲ್ಲ! ಪಾಪ, ಅಮ್ಮ ಆವಾಗ ಎದ್ದು ನಡೀತಿದ್ದಿದ್ರೆ? ಮಧ್ಯದಲ್ಲೇ ನಿಂತ್ಬಿಡ್ತಿದ್ರಾ?"

"ಗೊತ್ತು, ಗೊತ್ತು" ಅಂದ ಗೊತ್ತಪ್ಪ, ನೀಲಿ ಪಟ್ಟಿಯಿಂದ ಕಣ್ಣು ಕೀಳದೆ. ಬೇಕರಿಯವನಿಗೆ ಕಣ್ಣಲ್ಲಿ ನೀರು ಬಂತು. ಇನ್ನು ಮೇಲೆ ಆ ಪೆಟ್ಟಿಗೆ ಆರಿಸುವುದಿಲ್ಲ ಅಂತ ಒಲೆ ಮುಟ್ಟಿ ಆಣೆ ಮಾಡಿ ಬೆರಳು ಸುಟ್ಟುಕೊಂಡ.

ನೆಟ್ಟು ಮುಚ್ಚಿದ ಮೇಲೆ ಜನಕ್ಕೆ ಮನೆಯಲ್ಲಿ ಏನು ಕೆಲಸ? ಟೀಚರಮ್ಮನೂ ವಿಮೆಯವರೂ ನಮ್ಮ ಮನೆಗೆ ಬಂದರು. ಬೇಕರಿಯವನು ಬಿಸಿ ಬನ್ನುಗಳ ತಟ್ಟೆ ಹಿಡಿದು ಬಂದ. ಗೊತ್ತಪ್ಪ ಕೀಲಿಯನ್ನು ನಮ್ಮ ಬಾಗಿಲ ಪಕ್ಕಕ್ಕೆ ಒರಗಿಸಿ, ಕೆಳಗೆ ಹೋಗಿ ಮೂಟೆಯ ಪಕ್ಕ ಕಾವಲು ಕೂತ. ಇವರು ಮೂವರೂ ಮಂಚದ ಸುತ್ತ ಕುರ್ಚಿ ಹಾಕಿಕೊಂಡು ಕೂತು, ಮಾತಿಲ್ಲದೆ ಇವಳ ಸೊಂಟವನ್ನೇ ನೋಡತೊಡಗಿದರು.

ಇವಳು ಈಚೆ ತಿರುಗಿದಳು. ಹೊದಿಕೆ ಸರಿಮಾಡಿಕೊಂಡಳು. ಅವರ ಕಣ್ಣು ಸರಿಯಲಿಲ್ಲ.

"ಬೆಚ್ಚಗಾಗ್ತಿದೆಯಾ?" ಅಂತ ಟೀಚರಮ್ಮ ಮೆತ್ತಗೆ ಕೇಳಿದರು.

"ಏನು?"

"ಸೊಂಟ."

"ಹೊದ್ಕೊಂಡಿದೀನಲ್ಲ, ಬೆಚ್ಚಗೇ ಇದೆ."

"ಬೆಚ್ಚಗಿದೆಯಂತೆ" ಅಂತ ಟೀಚರಮ್ಮ ಉಳಿದವರಿಗೆ ಹೇಳಿದರು. "ಅಂದ್ರೆ ಆಗ್ತಾ ಇದೆ. ನನ್ನ ಫೋನೂ ಅಪ್‌ಡೇಟ್ ಆಗೋವಾಗ ಬೆಚ್ಚಗಾಗತ್ತೆ."

ಇವಳು ನನ್ನ ಕಡೆ ನೋಡಿದಳು. "ಇವ್ರಿಗೆಲ್ಲ ಏನಾಗಿದೆ?" ಅನ್ನುವ ನೋಟ. ನಾನು ಒಂದು ಬನ್ನು ತೆಗೆದು ಅವಳ ಕೈಗೆ ಕೊಟ್ಟೆ. ಬೇರೇನು ಮಾಡಲಿ? ನಿಜ ಹೇಳಿದರೆ ಕುರಿ ಹೋದದ್ದು ಹೊರಬೀಳುತ್ತದೆ. ಹೇಳದಿದ್ದರೆ ಇವಳ ಸೊಂಟ ಯಂತ್ರವಾಗಿ ಉಳಿಯುತ್ತದೆ. ಎರಡರಲ್ಲಿ ಸೊಂಟವೇ ವಾಸಿ ಅನ್ನಿಸಿತು.

ಆಗ ಕೆಳಗಿನಿಂದ ಗೊತ್ತಪ್ಪನ ಕೂಗು. "ಭಾವಾ! ನಿಂತ್ಬಿಡ್ತು! ಇನ್ನು ಚೂರೇ ಚೂರು ಇತ್ತು, ಅಲ್ಲಾಡ್ತಾನೇ ಇಲ್ಲ!"

ವಿಮೆಯವರು ಎದ್ದು ನಿಂತರು. ತಡಮಾಡುವ ಜಾತಿಯವರಲ್ಲ ಅವರು. ಕೈ ಆಗಲೇ ಫೋನಿನಲ್ಲಿತ್ತು. "ಹಲೋ, ಆಸ್ಪತ್ರೇನಾ? ತುರ್ತಾಗಿ ಒಂದು ಆಂಬುಲೆನ್ಸ್ ಕಳಿಸಿ. ವಯಸ್ಸಾದ ಹೆಂಗಸು. ಸೊಂಟ ಹ್ಯಾಂಗ್ ಆಗಿದೆ."

ಆಸ್ಪತ್ರೆ ನಮ್ಮ ಬೀದಿಯ ತಿರುವಿನಲ್ಲೇ ಇದೆ. ನಾನು ಇನ್ನೂ ಬೇಡ ಬೇಡ ಅಂತ ಕೈಯಾಡಿಸುತ್ತಿರುವಾಗಲೇ ಕೆಳಗೆ ಬೊಬ್ಬೆ ಹೊಡೆಯುತ್ತ ಗಾಡಿ ಬಂದು ನಿಂತಿತು. ಮೂವರೂ ದಡದಡ ಮೆಟ್ಟಿಲಿಳಿದರು. ಅವರ ಹಿಂದೆ ನಾನು. ಬಾಗಿಲು ಹಾಗೇ ತೆರೆದುಬಿಟ್ಟು ಬಂದೆ ಅನ್ನುವುದು ಆಮೇಲೆ ತಿಳಿಯಿತು.

ಗಾಡಿಯಿಂದ ಇಳಿದ ಆಸ್ಪತ್ರೆಯವರು ದಪ್ಪ ಮೀಸೆಯ, ಬಹಳ ನಿಯಮದ ಮನುಷ್ಯ. ಬೇಕರಿಯ ಮುಂದೆ ಸ್ಟ್ರೆಚರ್ ಬಿಚ್ಚಿ ನಿಲ್ಲಿಸಿ, "ಯಾರ್ರೀ ಅದು ಹ್ಯಾಂಗ್ ಆಗಿರೋದು?" ಅಂದರು.

"ಅಮ್ಮ ಮೇಲಿದಾರೆ, ಯಂತ್ರ ಕೆಳಗಿದೆ" ಅಂದ ಬೇಕರಿಯವನು.

"ಪೇಷೆಂಟ್ ಮೇಲೆ, ಸೊಂಟ ಕೆಳಗಾ?"

"ಅಪ್‌ಡೇಟ್ ಕೆಳಗೆ" ಅಂತ ಟೀಚರಮ್ಮ ತಿದ್ದಿದರು.

"ನೋಡೀಮ್ಮಾ, ನಾವು ಒಳಗೆ ಹಾಕೋದು ಬರೀ ಲೋಹ. ಅದಕ್ಕೆ ಮೊಳೆ ಹೊಡೀತಾರೆ, ಅಷ್ಟೇ. ನೆಟ್ಟೂ ಇಲ್ಲ ಗಿಟ್ಟೂ ಇಲ್ಲ. ಯಾರು ಹೇಳಿದ್ದು ನಿಮಗೆ?"

ಎಲ್ಲರೂ ಒಟ್ಟಿಗೆ ಗೊತ್ತಪ್ಪನ ಕಡೆ ನೋಡಿದರು. ಅವನು ಮೈದಾ ಮೂಟೆಯ ಪಕ್ಕ ನೆಲದಲ್ಲಿ ಕೂತಿದ್ದ. ನೊರೆಯ ಮೇಲೆ ಮೈದಾ ಬಿದ್ದು ಆ ಅರ್ಧ ಮುಖ ಪೂರ್ತಿ ಬೆಳ್ಳಗಾಗಿತ್ತು.

"ನೀವೇ ಗೊತ್ತು ಅಂದ್ರಲ್ಲ!" ಅಂದರು ಟೀಚರಮ್ಮ.

ಗೊತ್ತಪ್ಪ ಎದ್ದು ನಿಂತ. ಇಷ್ಟು ವರ್ಷದಲ್ಲಿ ನಾನು ಅವನ ಬಾಯಲ್ಲಿ ಕೇಳದ ಮಾತು ಬಂತು, ಅದೂ ಬೀದಿಗೆಲ್ಲ ಕೇಳಿಸುವಷ್ಟು ಜೋರಾಗಿ.

"ನಂಗೇನೂ ಗೊತ್ತಿಲ್ಲ! ಸೊಂಟ ಅಲ್ಲ ಸ್ವಾಮಿ, ಕುರಿ! ಈ ಡಬ್ಬಿಯೊಳಗೆ ಅಕ್ಕನ ಕುರಿ ಇತ್ತು. ಅದನ್ನ ನೋಡ್ಕೊಂಡು ಅಕ್ಕ ಎದ್ದು ನಡೀತಿದ್ದಳು. ಟ್ಯಾಂಕ್ ಖಾಲಿ ಮಾಡ್ತೀನಿ ಅಂತ ಹೋಗಿ ಆ ಕುರೀನ ನನ್ನ ಕೈಯಾರೆ ಅಳಿಸಿಬಿಟ್ಟೆ. ಅದು ಮತ್ತೆ ಬರತ್ತೋ ಇಲ್ವೋ ಗೊತ್ತಿಲ್ಲ. ಅಕ್ಕ ಮತ್ತೆ ಏಳ್ತಾಳೋ ಇಲ್ವೋ, ಅದೂ ಗೊತ್ತಿಲ್ಲ!"

ವಿಮೆಯವರು ಲುಂಗಿ ಸರಿಮಾಡಿಕೊಂಡರು. ಬೇಕರಿಯವನು ಸುಟ್ಟ ಬೆರಳನ್ನು ನೋಡಿಕೊಂಡು, ಸ್ವಲ್ಪ ನಿರಾಸೆಯಿಂದಲೇ, "ಹಾಗಾದ್ರೆ ಸೊಂಟಕ್ಕೆ ನನ್ನ ನೆಟ್ ಬೇಡ್ವಾ?" ಅಂದ.

ಆಗ ಮೇಲಿನಿಂದ ಟಣ್ ಅಂತ ಒಂದು ಸದ್ದು.

ತಲೆ ಎತ್ತಿ ನೋಡಿದರೆ, ಮೆಟ್ಟಿಲ ಕಟ್ಟೆಯ ಮೇಲೆ ಇವಳು ನಿಂತಿದ್ದಾಳೆ. ಯಾವ ಕಟ್ಟೆಯ ಮೇಲೆ ಬಿದ್ದಿದ್ದಳೋ ಅದೇ ಕಟ್ಟೆ. ವಾಕರನ್ನು ಬಾಗಿಲಲ್ಲೇ ಬಿಟ್ಟಿದ್ದಾಳೆ. ಮೆಟ್ಟಿಲಿಗೆ ಅದು ಬರುವುದಿಲ್ಲವಲ್ಲ. ಒಂದು ಕೈ ಕಂಬಿಯ ಮೇಲೆ. ಇನ್ನೊಂದು ಕೈಯಲ್ಲಿ, ಅಡ್ಡ ಹಿಡಿಯನ್ನು ಭದ್ರವಾಗಿ ಹಿಡಿದು, ತಮ್ಮನ ಕಬ್ಬಿಣದ ಕೀಲಿ.

"ಯಾರ ಕುರೀನೋ ಅಳಿಸಿದ್ದು?"

ನಾನು ಮೇಲೆ ಓಡಲು ಹೊರಟೆ. ಮೀಸೆಯವರು ನನ್ನ ತೋಳು ಹಿಡಿದರು. "ಸುಮ್ನಿರಿ. ಈಗ ಕರೆದ್ರೆ ಕೆಳಗೆ ನೋಡ್ತಾರೆ" ಅಂದರು ಪಿಸುಮಾತಿನಲ್ಲಿ. ತಾವು ಮಾತ್ರ ಮೆಲ್ಲಗೆ, ಸದ್ದಾಗದ ಹಾಗೆ, ಅವಳಿಗೆ ಒಂದು ಮೆಟ್ಟಿಲು ಕೆಳಗೆ ಬರುವವರೆಗೂ ಹತ್ತಿ ಹೋಗಿ, ಅವಳ ಕಡೆಗೇ ಮುಖ ಮಾಡಿ ಹಿಂದಹಿಂದಕ್ಕೆ ಇಳಿಯತೊಡಗಿದರು, ಕೈಗಳನ್ನು ಅವಳ ಎರಡು ಬದಿಗೆ ಚಾಚಿ, ಮುಟ್ಟದೆ. ಆ ಮನುಷ್ಯನಿಗೆ ನಾನು ಆಮೇಲೆ ಸರಿಯಾಗಿ ಥ್ಯಾಂಕ್ಸ್ ಹೇಳಲಿಲ್ಲ. ಇಲ್ಲಿ ಹೇಳುತ್ತೇನೆ.

"ಅಲ್ಲೇ ನಿಲ್ಲು ನೀನು. ಓಡಿಹೋದ್ರೆ ನೋಡು" ಅಂತ ಇವಳು ತಮ್ಮನಿಗೆ ಹೇಳುತ್ತಿದ್ದಳು. ಕೀಲಿ ಒಂದು ಮೆಟ್ಟಿಲು ಇಳಿಯಿತು, ಟಣ್. ಒಂದು ಕಾಲು ಇಳಿಯಿತು. ಇನ್ನೊಂದು ಕಾಲು ಅದರ ಪಕ್ಕಕ್ಕೆ ಬಂತು. ಮತ್ತೆ ಟಣ್. "ಹೊಸ ದೊಡ್ಡಿ ಕಟ್ತಿದಾರಂತೆ, ದೊಡ್ಡಿ!" ಟಣ್. ನಮ್ಮ ಟೀಚರಮ್ಮ ಬಾಯಿಗೆ ಸೆರಗು ಒತ್ತಿಕೊಂಡು ಅಳುತ್ತಿದ್ದರೋ ನಗುತ್ತಿದ್ದರೋ. ಬೇಕರಿಯವನು ಕಣ್ಣು ಮುಚ್ಚಿಬಿಟ್ಟಿದ್ದ. ನಾನು ಉಸಿರು ಬಿಟ್ಟದ್ದು ಅವಳ ಕಾಲು ಬೇಕರಿಯ ನೆಲ ಮುಟ್ಟಿದ ಮೇಲೆ.

ತಮ್ಮನ ಮುಂದೆ ಬಂದು ನಿಂತಳು. ಕೀಲಿ ಎತ್ತುತ್ತಾಳೆ ಅಂತ ಎಲ್ಲರೂ ಕಾದರು. ಗೊತ್ತಪ್ಪ ತಲೆ ತಗ್ಗಿಸಿಕೊಂಡು, "ಹೊಡಿ ಅಕ್ಕಾ" ಅಂದ. ಅವಳು ಅವನ ಮುಖ ನೋಡಿ, ಸೆರಗಿನಿಂದ ಅವನ ಕೆನ್ನೆಯ ಮೈದಾ ಒರೆಸಿ, "ಇನ್ನರ್ಧ ಯಾವಾಗ ಬೋಳಿಸ್ತೀಯೋ ಕೋತಿ" ಅಂದಳು. ಆಮೇಲೆ ಮೈದಾ ಮೂಟೆಯ ಪಕ್ಕದ ಸ್ಟೂಲಿನ ಮೇಲೆ ಕೂತು, ಡಬ್ಬಿಯನ್ನು ಮಡಿಲಿಗೆ ಎತ್ತಿಕೊಂಡಳು.

ನೀಲಿ ಅಲ್ಲಾಡುತ್ತಿರಲಿಲ್ಲ. ವಿಮೆಯವರು ಇದ್ದಕ್ಕಿದ್ದಂತೆ ಹಣೆ ಚಚ್ಚಿಕೊಂಡು, "ಅಯ್ಯೋ, ಆಗ ಮೇಲೆ ಕೂತು ಟೈಮ್ ನೋಡೋವಾಗ ನನ್ನ ನೆಟ್ ಮತ್ತೆ ಹಾಕಿಬಿಟ್ಟಿದ್ದೆ, ಮೀಟಿಂಗ್ ತಾನಾಗೇ ನಡೀತಿದೆ" ಅಂತ ಜೇಬಿನಿಂದ ಫೋನು ತೆಗೆದು ಆರಿಸಿದರು. ಫೋನಿನೊಳಗಿಂದ ಮೇಲಧಿಕಾರಿಯ ದನಿ, "ರೀ, ಕುರಿ ಬಂತಾ?" ಅಂದದ್ದು ಅರ್ಧಕ್ಕೆ ನಿಂತಿತು. ನೀಲಿ ಒಂದು ಸಲ ನಡುಗಿ, ಸರ್ರನೆ ಬಲಗಡೆಗೆ ಹರಿದು ಪಟ್ಟಿ ತುಂಬಿಕೊಂಡಿತು.

ಗೊತ್ತಪ್ಪ ನನ್ನ ಕಡೆ ನೋಡಿದ. "ಪ್ರೆಷರ್" ಅಂತ ಹೇಳಲು ತುಟಿಯವರೆಗೆ ಬಂದದ್ದನ್ನು ನುಂಗಿಕೊಂಡ.

ಆಟ ತೆರೆಯಿತು. ಹೊಲ ಬಂತು, ಬೇಲಿ ಬಂತು. ಬೇಲಿಯೊಳಗೆ ಏನೂ ಇರಲಿಲ್ಲ. ಮೀಸೆಯವರೂ ಸೇರಿ ಎಲ್ಲರ ತಲೆಯೂ ಆ ಪುಟ್ಟ ಪರದೆಯ ಮೇಲೆ ಬಗ್ಗಿತ್ತು. ಇವಳು ಸಣ್ಣ ದನಿಯಲ್ಲಿ, "ಕಿವುಡೀ" ಅಂದು ಕರೆಯುವ ಗುಂಡಿ ಒತ್ತಿದಳು.

ಪೊದೆಯ ಹಿಂದಿನಿಂದ ಬೆಳ್ಳಗೆ ಒಂದು ಮುಖ ಹೊರಬಂತು. ಕುಣಿಯುತ್ತ ನೇರ ಇವಳ ಕಡೆಗೇ ಓಡಿ ಬಂತು.

ಬೇಕರಿಯವನು ಕುಣಿದ. ಟೀಚರಮ್ಮ ಚಪ್ಪಾಳೆ ತಟ್ಟಿದರು. ಇವಳ ಹುಬ್ಬು ಮಾತ್ರ ಗಂಟಿಕ್ಕಿತು. "ಇದು ನನ್ನ ಕಿವುಡಿ ಅಲ್ಲ."

"ಯಾಕಕ್ಕಾ?"

"ಕರೆದ ತಕ್ಷಣ ಬಂತು. ನನ್ನದು ಬರಲ್ಲ."

ಅಷ್ಟರಲ್ಲಿ ನನ್ನ ಫೋನು ಬಡಿದುಕೊಂಡಿತು. ಸುರಂಗ ಮುಗಿದು, ಆಮೇಲೆ ಊಟ ಬಡಿಸುವುದು ಮುಗಿದು, ಮೊಮ್ಮಗಳು ಬಿಟ್ಟ ಮಾತನ್ನು ಬಿಟ್ಟಲ್ಲಿಂದಲೇ ಹಿಡಿದಳು. "—ಕುರಿ ಎಲ್ಲೂ ಹೋಗಲ್ಲ ತಾತ, ಆಟ ಅಳಿಸಿದ್ರೂ ಅದು ಬೇರೆ ಕಡೆ ಇಟ್ಟಿರತ್ತೆ. ಇನ್ನೊಂದು, ಕರೆದ್ರೆ ಬರ್ತಿರಲಿಲ್ಲವಲ್ಲ, ಅದು ಆಟದಲ್ಲೇ ಏನೋ ತಪ್ಪಿತ್ತಂತೆ. ಈ ಅಪ್‌ಡೇಟಲ್ಲಿ ಸರಿ ಮಾಡಿದಾರೆ. ಅಜ್ಜಿ ಎಲ್ಲಿ? ಕಿಟಕಿವರೆಗೂ ಹೋಗಿ ಬಂದಳಾ?"

ಫೋನು ಇವಳ ಕೈಗೆ ಕೊಟ್ಟೆ. "ಬೇಕರಿಲಿದೀನಿ ಕಣೇ" ಅಂದಳು ಇವಳು. ಆ ಕಡೆಯಿಂದ ಪಾತ್ರೆ ಕೆಳಗೆ ಬಿದ್ದ ಸದ್ದು ಕೇಳಿಸಿತು. "ಕಿವಿ ಬಂದಿದೆ ಅದಕ್ಕೆ. ಪರವಾಗಿಲ್ಲ, ಹೊಂದ್ಕೊಂಡು ಹೋಗ್ತೀನಿ. ನೋಡೇ, ಮುಂದಿನ ಅಪ್‌ಡೇಟು ಬ್ಯಾ ಅನ್ನೋ ಕುರಿಗಲ್ಲ, ನಿನ್ನ ಚಿಕ್ಕತಾತನಿಗೆ ಹಾಕಿಸು."

ಮೀಸೆಯವರು ಸ್ಟ್ರೆಚರ್ ಮಡಿಸಿದರು. ಬಂದ ಮೇಲೆ ಪೇಷೆಂಟ್ ಇಲ್ಲದೆ ಹಿಂದಿರುಗುವ ನಿಯಮ ಇಲ್ಲವಂತೆ. ಬೇಕರಿಯವನು ಸುಟ್ಟ ಬೆರಳು ಮುಂದೆ ಚಾಚಿದ. ಅದಕ್ಕೆ ಅಲ್ಲೇ ಮುಲಾಮು ಹಚ್ಚಿ, ಬಿಸಿ ಬನ್ನು ತಿಂದು, ಮೀಸೆಗೆ ಅಂಟಿದ್ದನ್ನು ಒರೆಸಿಕೊಂಡು ಹೋದರು.

ಆಮೇಲಿನಿಂದ ಇವಳು ಕಿಟಕಿಯ ಸುತ್ತು ಬಿಟ್ಟಳು. ಕುರಿಗೆ ಮೇವು ಹಾಕಿ, ಮೆಟ್ಟಿಲಿಳಿದು ಬೇಕರಿಗೆ ಹೋಗಿ ಬರುವುದೇ ಸುತ್ತಾಯಿತು. ಟೀಚರಮ್ಮನ ಮಕ್ಕಳು ಕಂಪ್ಯೂಟರಿನೊಳಗಿಂದ ಆಗಾಗ ಸೊಂಟ ಹೇಗಿದೆ ಅಂತ ಕೇಳುತ್ತವಂತೆ. ನನ್ನಂಥ ಕಾಜಾ ಹಾಕುವವನ ಮನೆಗೆ ಇಷ್ಟು ಜನ ತಮ್ಮ ಕೆಲಸ ಆರಿಸಿ ಬಂದು ಕೂತರಲ್ಲ, ಒಬ್ಬರಾದರೂ ಆಮೇಲೆ ಬೈದರೇ? ಇಲ್ಲ. ಬೇಕರಿಯವನು ಆ ಪೆಟ್ಟಿಗೆಯನ್ನು ಈಗಲೂ ಆರಿಸುವುದಿಲ್ಲ. ಕೇಳಿದರೆ, "ಇರಲಿ ಬಿಡಿ, ಯಾರ ಸೊಂಟದಲ್ಲಿ ಏನಿರತ್ತೋ" ಅನ್ನುತ್ತಾನೆ.

ಚಳಿ ಪೂರ್ತಿ ಬಿಟ್ಟ ವಾರ, ಶುಕ್ರವಾರ, ಬಾಡಿಗೆಯ ಮಂಚ ಹೋಯಿತು. ಭಾನುವಾರ ಬೆಳಿಗ್ಗೆ, ಎರಡೂ ಕೆನ್ನೆ ನುಣ್ಣಗೆ ಬೋಳಿಸಿಕೊಂಡು ನನ್ನ ಭಾವಮೈದುನ ಹೊರಟ. ಬಂದಾಗ ಎರಡು ಕೈಯಲ್ಲಿ ಎರಡು ಸಾಮಾನು ಹಿಡಿದು ಬಂದವನು, ಹೋಗುವಾಗ ಬ್ಯಾಗೊಂದನ್ನೇ ಹಿಡಿದು ಹೋದ. ಇವಳು ಅವನ ಕೀಲಿ ಊರಿಕೊಂಡು, ಬಸ್ಸಿನವರೆಗೂ ನಡೆದು ಹೋಗಿ ಕಳಿಸಿಬಂದಳು.